ಕಸೂತಿಯಿಂದ ವಾರ್ಲಿಗೆ, ವಾರ್ಲಿಯಿಂದ ಜೇಡಿಮಣ್ಣಿಗೆ: ಮುಂಬಯಿಯ ಪುಟ್ಟ ಮನೆಯಲ್ಲಿ ಹಲವು ಕೈಕೆಲಸ ಕಲಿಯುವ ಬಗೆ

ಕಸೂತಿ ಹಾಕುತ್ತಿರುವಾಗಲೇ ವಾರ್ಲಿ ಚಿತ್ರದ ಕಡೆ ಮನಸ್ಸು ಓಡುತ್ತದೆ. ವಾರ್ಲಿ ಬರೆಯುತ್ತಾ ಕೂತರೆ ಜೇಡಿಮಣ್ಣು ಕರೆಯುತ್ತದೆ. ಹೀಗೆ ಹತ್ತಾರು ಕೈಕೆಲಸಗಳ ಮೇಲೆ ಆಸೆ ಇರುವವರಿಗೆ ಮನೆಯವರಿಂದ, ನೆಂಟರಿಂದ ಸಿಗುವ ಮಾತು ಹೆಚ್ಚಾಗಿ ಒಂದೇ: "ಒಂದನ್ನಾದರೂ ನೆಟ್ಟಗೆ ಕಲೀಬಾರ್ದಾ?"

ಹಲವನ್ನು ಕಲಿಯಿರಿ ಅಂತಲೇ ನಾನು ಹೇಳುತ್ತೇನೆ. ಆದರೆ ಒಂದರ ಕೈ ಹಿಡಿದು ಇನ್ನೊಂದಕ್ಕೆ ಹೋಗಿ. ಕಲಿತ ಕೆಲಸವೇ ಮುಂದಿನ ಕೆಲಸವನ್ನು ಅರ್ಧ ಕಲಿಸಿಕೊಡುತ್ತದೆ. ನಾನು ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ, ಯಾವ ಕ್ಲಾಸಿಗೂ ಹೋಗದೆ, ಇದನ್ನೆಲ್ಲ ಮಾಡಿಕೊಂಡು ಬಂದವಳು. ಇಲ್ಲಿ ಬರೆದಿರುವುದು ಹಾಗೆ ತಾವೇ ಕಲಿಯಬೇಕು ಅನ್ನುವವರಿಗೆ. ಜಾಗ ಕಡಿಮೆ, ಸಮಯ ಇನ್ನೂ ಕಡಿಮೆ ಇರುವ ಊರಿನವರಿಗೆ.

ಕೈಗೆ ಈಗಾಗಲೇ ಏನು ಗೊತ್ತು ನೋಡಿ

ಸಾಮಾನು ಕೊಳ್ಳುವ ಮೊದಲು ಈ ಲೆಕ್ಕ ಹಾಕಿ. ನಾನು ಕೈಕೆಲಸಗಳನ್ನು ಮೂರು ಗುಂಪು ಮಾಡಿಕೊಂಡಿದ್ದೇನೆ. ಎಣಿಸುವ ಕೆಲಸ: ಕಸೂತಿ, ಕ್ರೋಶಾ (ಕೊಕ್ಕೆ ಕಡ್ಡಿಯ ಹೆಣಿಗೆ), ಮಣಿ ಪೋಣಿಸುವುದು. ಗೆರೆ ಎಳೆಯುವ ಕೆಲಸ: ವಾರ್ಲಿ, ಹಸೆ ಚಿತ್ತಾರ, ಬಟ್ಟೆಯ ಮೇಲಿನ ಪೇಂಟಿಂಗ್. ಹಿಸುಕಿ, ಸುತ್ತಿ, ಗಂಟು ಹಾಕಿ ಆಕಾರ ಕೊಡುವ ಕೆಲಸ: ಜೇಡಿಮಣ್ಣು, ಕಾಗದದ ಪಟ್ಟಿ ಸುತ್ತಿ ಮಾಡುವ ಕ್ವಿಲ್ಲಿಂಗ್, ಹಗ್ಗಕ್ಕೆ ಗಂಟು ಹಾಕಿ ಮಾಡುವ ಮ್ಯಾಕ್ರಮೆ.

ನಿಮಗೆ ಚುಕ್ಕಿ ರಂಗೋಲಿ ಬರುತ್ತದಾ? ನಡುವೆ ಏಳು ಚುಕ್ಕಿ ಇಟ್ಟು, ಎರಡೂ ಕಡೆ ಒಂದೊಂದು ಕಡಿಮೆ ಮಾಡುತ್ತಾ ಒಂದಕ್ಕೆ ತಂದು ನಿಲ್ಲಿಸುವುದು ಗೊತ್ತಿದ್ದರೆ ಎಣಿಸುವ ಕೆಲಸ ನಿಮಗೆ ಹೊಸದಲ್ಲ. ಕಸೂತಿಯಿಂದ ಶುರು ಮಾಡಿ. ಮಲ್ಲಿಗೆ ಮಾಲೆ ಕಟ್ಟಲು ಬರುವವರಿಗೆ ದಾರ ಎಷ್ಟು ಬಿಗಿ ಎಳೆಯಬೇಕು ಅನ್ನುವುದು ಬೆರಳಿಗೇ ಗೊತ್ತು. ಅವರಿಗೆ ಮ್ಯಾಕ್ರಮೆ ಬೇಗ ಹತ್ತುತ್ತದೆ. ಸಂಡಿಗೆ ಒತ್ತುವವರು, ಕಡುಬಿಗೆ ಹಿಟ್ಟು ನಾದುವವರು ಮಣ್ಣಿನ ಹದಕ್ಕೆ ಹೆದರಬೇಕಿಲ್ಲ. ರಂಗೋಲಿ ಎಳೆಯನ್ನು ಬೆರಳಿನಿಂದ ಒಂದೇ ದಪ್ಪಕ್ಕೆ ಬಿಡುವವರು ಕುಂಚ ಹಿಡಿಯಬಹುದು. "ನನಗೆ ಏನೂ ಬರಲ್ಲ" ಅನ್ನುವವರ ಮನೆಯಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಹೋಗಿ ನೋಡಿದರೆ ಸಾಕು, ಇದರಲ್ಲಿ ಎರಡಾದರೂ ಕಣ್ಣಿಗೆ ಬೀಳುತ್ತವೆ.

ಒಂದು ಕೆಲಸಕ್ಕೆ ಒಂದು ಡಬ್ಬಿ

ಮುಂಬಯಿಯಲ್ಲಿ ಹವ್ಯಾಸ ಸಾಯುವುದು ಬೇಸರದಿಂದ ಅಲ್ಲ, ಜಾಗ ಸಾಲದೆ. ಅದಕ್ಕೆ ನಿಯಮ ಹಾಕಿಕೊಳ್ಳಿ. ಒಂದು ಕೆಲಸಕ್ಕೆ ಮುಚ್ಚಳ ಇರುವ ಒಂದು ಡಬ್ಬಿ. ಮುಚ್ಚಳ ಕೂರದಿದ್ದರೆ ಹೊಸದು ಕೊಳ್ಳುವಂತಿಲ್ಲ. ಡಬ್ಬಿಯ ಮೇಲೆ ಹೆಸರು ಬರೆದು ದಿವಾನಿನ ಕೆಳಗೆ ಸಾಲಾಗಿ ಇಡಿ. ಕೆಲಸ ಮಾಡುವ ಜಾಗವಾಗಿ ಒಂದು ದೊಡ್ಡ ಪ್ಲೈವುಡ್ ಹಲಗೆ ಇರಲಿ. ಊಟದ ಹೊತ್ತಿಗೆ ಹಲಗೆಯನ್ನೇ ಎತ್ತಿ ಗೋಡೆಗೆ ಒರಗಿಸಿದರೆ ಅರ್ಧ ಆದ ಕೆಲಸ ಕದಲದೆ ಉಳಿಯುತ್ತದೆ. ಗ್ಯಾಲರಿ (ಬಾಲ್ಕನಿ) ಇದ್ದವರು ಬೆಳಗಿನ ಬೆಳಕಿನಲ್ಲಿ ಅಲ್ಲೇ ಕೂರಿ. ಕಪ್ಪು ಬಟ್ಟೆಯ ಎಳೆ ಎಣಿಸಲು ಟ್ಯೂಬ್‌ಲೈಟ್ ಸಾಲದು.

ಮೊದಲ ಕೆಲಸ: ಕಸೂತಿಯ ಒಂದು ಪಟ್ಟಿ

ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಖರ್ಚು ಕಡಿಮೆ, ಜಾಗ ಬೇಡ, ಮೇಲಾಗಿ ನಮ್ಮದೇ ಕಲೆ. ಧಾರವಾಡದ ಕಡೆ ಮದುಮಗಳಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ, ಇಳಕಲ್ ಸೀರೆಯ ಮೇಲೆ ಇದನ್ನು ಹಾಕುವ ವಾಡಿಕೆ. ಗೋಪುರ, ರಥ, ಆನೆ, ಗಿಳಿ, ತುಳಸಿ ಕಟ್ಟೆ ಎಲ್ಲವೂ ಇದರಲ್ಲಿ ಬರುತ್ತವೆ. ಬಟ್ಟೆಯ ಮೇಲೆ ಚಿತ್ರ ಅಚ್ಚು ಹಾಕಿಕೊಳ್ಳುವುದಿಲ್ಲ. ಎಳೆ ಎಣಿಸುತ್ತಾ ಹೋಗುವುದು, ಅಷ್ಟೇ.

ಹೊಲಿಗೆಗಳು ನಾಲ್ಕು. ಗವಂತಿ ಅಂದರೆ ನೇರ ಗೆರೆ, ಎರಡೂ ಬದಿ ಒಂದೇ ಥರ ಕಾಣುತ್ತದೆ. ಮುರ್ಗಿ ಮೆಟ್ಟಿಲಿನ ಹಾಗೆ ಹತ್ತಿ ಇಳಿಯುತ್ತದೆ, ಇದೂ ಎರಡು ಬದಿ ಒಂದೇ. ನೇಯ್ಗೆಯಲ್ಲಿ ಉದ್ದ, ಗಿಡ್ಡ ಹೊಲಿಗೆ ಸಾಲಾಗಿ ಬಂದು, ನೇಯ್ದ ಅಂಚಿನಂತೆ ಕಾಣುತ್ತದೆ. ಮೆಂತೆ ಅಡ್ಡಡ್ಡ ದಾಟುವ ಹೊಲಿಗೆ. ಮೊದಲಿಗೆ ಗವಂತಿ ಮತ್ತು ಮುರ್ಗಿ ಸಾಕು.

ಬೇಕಾಗುವ ಸಾಮಾನು: ಒಂದು ಇಂಚಿಗೆ 14 ಚೌಕ ಇರುವ ಆಯ್ದಾ ಬಟ್ಟೆ (ಅಂಗಡಿಯಲ್ಲಿ ಮ್ಯಾಟಿ ಬಟ್ಟೆ ಅಂತ ಕೇಳಿದರೂ ಎಣಿಸಲು ಬರುವಂಥದ್ದನ್ನೇ ತೋರಿಸುತ್ತಾರೆ), ಮೊಂಡು ತುದಿಯ 24 ನಂಬರ್ ಟ್ಯಾಪೆಸ್ಟ್ರಿ ಸೂಜಿ, ಎಂಟು ಮೀಟರ್ ಉದ್ದದ ಹತ್ತಿ ನೂಲಿನ ಲಡಿ, ಚೌಕದ ಕಾಗದ, ಪೆನ್ಸಿಲ್. ಲಡಿಯ ನೂಲಿನಲ್ಲಿ ಆರು ಎಳೆ ಇರುತ್ತವೆ. ಅದರಲ್ಲಿ ಎರಡನ್ನು ಮಾತ್ರ ಬಿಡಿಸಿಕೊಳ್ಳಿ. ಒಂದು ಮೊಳಕ್ಕಿಂತ ಉದ್ದದ ನೂಲು ಬೇಡ. ಬಟ್ಟೆಗೆ ಉಜ್ಜಿ ಉಜ್ಜಿ ಜುಂಗು ಏಳುತ್ತದೆ.

ಏಳು ಇಂಚು ಉದ್ದ, ಎರಡು ಇಂಚು ಅಗಲದ ಪಟ್ಟಿ ಕತ್ತರಿಸಿ. ಪುಸ್ತಕದ ನಡುವೆ ಇಡುವ ಗುರುತು ಇದರಿಂದ ಆಗುತ್ತದೆ. ಮೊದಲು ಕಾಗದದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಒಂದು ಅಂಚು, ಅದರ ನಡುವೆ ಒಂದು ಚಿಕ್ಕ ಗೋಪುರ ಬರೆದುಕೊಳ್ಳಿ. ಗೆರೆಗಳು ಚೌಕದ ಗೆರೆಯ ಮೇಲೇ ಹೋಗಬೇಕು.

ಈಗ ಹೊಲಿಗೆ. ಗಂಟು ಹಾಕಬೇಡಿ. ಕಸೂತಿಯಲ್ಲಿ ಹಿಂಬದಿಯೂ ಮುಂಬದಿಯಷ್ಟೇ ಚೊಕ್ಕ ಇರಬೇಕು. ನೂಲಿನ ತುದಿ ಎರಡು ಇಂಚು ಬಿಟ್ಟು, ಬೆರಳಿನಿಂದ ಒತ್ತಿ ಹಿಡಿದು ಶುರು ಮಾಡಿ. ಒಂದು ಚೌಕ ಮೇಲೆ, ಒಂದು ಚೌಕ ಕೆಳಗೆ, ಹೀಗೆ ಬಿಟ್ಟು ಬಿಟ್ಟು ಗೆರೆಯ ಕೊನೆಗೆ ಹೋಗಿ. ಅಲ್ಲಿಂದ ತಿರುಗಿ ಬನ್ನಿ. ಬರುವಾಗ ಖಾಲಿ ಉಳಿದ ಚೌಕಗಳು ತುಂಬುತ್ತವೆ. ಹೋಗುವ ದಾರಿಯಲ್ಲಿ ಕವಲು ಸಿಕ್ಕಿದರೆ, ಕವಲಿನ ತುದಿಗೆ ಹೋಗಿ, ಅದನ್ನು ತುಂಬಿಕೊಂಡೇ ಮುಖ್ಯ ಗೆರೆಗೆ ವಾಪಸ್ ಬರಬೇಕು. ಹಾಗಾಗಿ ಸೂಜಿ ಚುಚ್ಚುವ ಮೊದಲೇ ಕಾಗದದ ಮೇಲೆ ಬೆರಳಿಟ್ಟು ದಾರಿ ನಡೆಸಿ ನೋಡಿ. ಈ ದಾರಿ ಹುಡುಕುವ ಆಟದಲ್ಲಿರುವ ಸುಖ ನನಗೆ ಬೇರೆ ಯಾವ ಹೊಲಿಗೆಯಲ್ಲೂ ಸಿಕ್ಕಿಲ್ಲ.

ಗೆರೆ ನೇರ ಬರಲು ಒಂದು ಗುಟ್ಟಿದೆ. ವಾಪಸ್ ಬರುವಾಗ ಒಂದೇ ತೂತಿನಲ್ಲಿ ಹಳೆಯ ಹೊಲಿಗೆ ಇರುತ್ತದೆ ಅಲ್ವಾ? ಸೂಜಿ ಮೇಲೆ ಬರುವಾಗ ಯಾವಾಗಲೂ ಅದರ ಮೇಲುಭಾಗದಿಂದ ತನ್ನಿ, ಕೆಳಗೆ ಹೋಗುವಾಗ ಕೆಳಭಾಗದಿಂದ ಇಳಿಸಿ. ಬದಲಾಯಿಸಿದರೆ ಗೆರೆ ಹಲ್ಲು ಹಲ್ಲಾಗಿ ಕಾಣುತ್ತದೆ. ಮುಗಿದ ಮೇಲೆ ಎರಡೂ ತುದಿಯನ್ನು ಹೊಲಿಗೆಗಳ ಅಡಿಗೆ ನುಸುಳಿಸಿ ಕತ್ತರಿಸಿ. ಪಟ್ಟಿಯ ಗಿಡ್ಡ ಬದಿಯಲ್ಲಿ ಕೆಲವು ಎಳೆ ಕಿತ್ತರೆ ಗೊಂಡೆಯೂ ತಯಾರು.

ಪಟ್ಟಿ ಕೈಗೆ ಕೂತ ಮೇಲೆ ಸೀರೆಯ ಆಸೆ ಬಂದೇ ಬರುತ್ತದೆ. ಸೀರೆಯಲ್ಲಿ ಚೌಕ ಕಾಣುವುದಿಲ್ಲ. ಎಳೆ ಎಣಿಸಲು ಕಣ್ಣು ಸಾಲದಿದ್ದರೆ, ಕಸೂತಿಗೆ ಸಿಗುವ ಜಾಳಿ ಬಟ್ಟೆಯನ್ನು ಸೀರೆಯ ಮೇಲೆ ಕಚ್ಚಾ ಹೊಲಿಗೆ ಹಾಕಿ ಕೂರಿಸಿ, ಅದರ ಚೌಕ ಎಣಿಸುತ್ತಾ ಎರಡನ್ನೂ ಸೇರಿಸಿ ಹೊಲಿಯಿರಿ. ಕೊನೆಗೆ ಜಾಳಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದರೆ ಚಿತ್ರ ಮಾತ್ರ ಸೀರೆಯ ಮೇಲೆ ಉಳಿಯುತ್ತದೆ. ಕಪ್ಪು ಅಥವಾ ಕೆಂಪು ನೂಲು ಬಳಸುವುದಾದರೆ ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುತ್ತದಾ ನೋಡಿಕೊಳ್ಳಿ.

ಲೋಕಲ್ ರೈಲಿಗೆ ಕ್ರೋಶಾ

ಎಣಿಸುವುದು ಬಂದ ಮೇಲೆ ಕ್ರೋಶಾ ಸುಲಭ. ಬ್ಯಾಗಿನಲ್ಲಿ ಹಿಡಿಸುತ್ತದೆ, ಯಾವ ಸ್ಟೇಷನ್ನಿನಲ್ಲಿ ಬೇಕಾದರೂ ನಿಲ್ಲಿಸಬಹುದು. ಲೇಡೀಸ್ ಡಬ್ಬಿಯಲ್ಲಿ ಮೆಂತ್ಯ ಸೊಪ್ಪು ಬಿಡಿಸುವವರ ಪಕ್ಕದಲ್ಲಿ ಕೂತು ಹೆಣೆಯಲು ಇದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ನಿಂತು ಹೋಗುವಾಗ ಮಾತ್ರ ಕಡ್ಡಿ ಹೊರಗೆ ತೆಗೆಯಬೇಡಿ.

4 ಮಿ.ಮೀ. ಕಡ್ಡಿ, ತಿಳಿ ಬಣ್ಣದ ನುಣುಪಾದ ಹತ್ತಿ ನೂಲು ತೆಗೆದುಕೊಳ್ಳಿ. ಉಣ್ಣೆ ನೋಡಲು ಚಂದ, ಆದರೆ ಈ ಊರಿನ ಸೆಕೆಗೆ ಉಣ್ಣೆಯ ಶಾಲು ಯಾರು ಹೊದೆಯುತ್ತಾರೆ? ಹದಿನೈದು ಸರಪಳಿ ಹಾಕಿ, ವಾಪಸ್ ಬರುತ್ತಾ ಸಿಂಗಲ್ ಕ್ರೋಶಾ ಹೆಣೆಯಿರಿ. ಪ್ರತಿ ಸಾಲಿನ ಕೊನೆಯಲ್ಲಿ ಎಣಿಸಿ. ಚೌಕ ಮಾಡಲು ಹೋಗಿ ತ್ರಿಕೋನ ಆಗುತ್ತಿದ್ದರೆ ಸಾಲಿನ ಕೊನೆಯ ಹೊಲಿಗೆ ತಪ್ಪಿ ಹೋಗುತ್ತಿದೆ ಅಂತ ಅರ್ಥ.

ವಿಡಿಯೋ ನೋಡಿ ಕಲಿಯುವವರು ಇದನ್ನು ಮರೆಯಬಾರದು: ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವುದನ್ನು ಬ್ರಿಟನ್ನಿನವರು ಡಬಲ್ ಕ್ರೋಶಾ ಅನ್ನುತ್ತಾರೆ. ಹೆಸರು ಒಂದು ಮೆಟ್ಟಿಲು ಆಚೀಚೆ ಆಗುತ್ತದೆ. ಯಾವ ದೇಶದ ಲೆಕ್ಕ ಎಂದು ಮೊದಲೇ ನೋಡಿಕೊಳ್ಳದಿದ್ದರೆ ಅಳತೆ ಪೂರ್ತಿ ಕೆಡುತ್ತದೆ.

ನಾಲ್ಕಿಂಚಿನ ಚೌಕ ಬಂದರೆ ಅದು ಚಹಾ ಲೋಟದ ಕೆಳಗೆ ಇಡುವ ಮ್ಯಾಟ್. ಸಂಕ್ರಾಂತಿಯಿಂದ ರಥಸಪ್ತಮಿವರೆಗೆ ನಮ್ಮ ಬಿಲ್ಡಿಂಗ್‌ಗಳಲ್ಲಿ ಹಳದಿ ಕುಂಕು (ಅರಿಶಿನ ಕುಂಕುಮ) ನಡೆಯುತ್ತದಲ್ಲ, ಆಗ ಮರಾಠಿ ವಹಿನಿಗಳಿಗೆ (ಅತ್ತಿಗೆಯರಿಗೆ) ಕೊಡಲು ಪ್ಲಾಸ್ಟಿಕ್ ಡಬ್ಬಿಗಿಂತ ಇದು ಎಷ್ಟೋ ಮೇಲು. ಗಣಪತಿಗೆ ಮುಂಚಿನಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹೆಣೆದರೆ ಜನವರಿಗೆ ಸಾಕಷ್ಟಾಗುತ್ತವೆ.

ಸಾಮಾನು ಎಲ್ಲಿ ಸಿಗುತ್ತದೆ

ಒಂದೇ ದಿನದಲ್ಲಿ ಮುಗಿಸಬೇಕು ಅನ್ನುವವರು ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ಸ್ಟೇಷನ್ನಿನಲ್ಲಿ ಇಳಿದು ಕ್ರಾಫರ್ಡ್ ಮಾರ್ಕೆಟ್ ಕಡೆ ನಡೆಯಿರಿ. 1869ರ ಆ ಕಟ್ಟಡದ ಎದುರಿನ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಕಾಗದ, ಕಾರ್ಡ್‌ಬೋರ್ಡ್, ಬಣ್ಣ, ಅಂಟು, ಮದುವೆ ಅಲಂಕಾರದ ಸಾಮಾನು ಸಾಲು ಸಾಲಾಗಿ ಇದೆ. ಹತ್ತಿರದ ಮಂಗಲದಾಸ್ ಮಾರ್ಕೆಟ್ ಬಟ್ಟೆಗೆ. ಅಲ್ಲಿಂದ ಕಾಲ್ನಡಿಗೆಯಲ್ಲೇ ಭುಲೇಶ್ವರ ತಲುಪಬಹುದು. ಮಣಿ, ಲೇಸು, ಕುಂದಣ, ಟಿಕಲಿ ಎಲ್ಲ ಅಲ್ಲಿ. ಭಾನುವಾರ ಹೋಗಬೇಡಿ, ಈ ಕಡೆಯ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಹಬ್ಬದ ಹಿಂದಿನ ವಾರವಂತೂ ಕಾಲಿಡಲು ಜಾಗ ಇರುವುದಿಲ್ಲ. ಮನೆಯಿಂದಲೇ ಪಟ್ಟಿ ಬರೆದುಕೊಂಡು ಹೋಗಿ. "ಸುಮ್ನೆ ನೋಡೋಣ" ಅಂತ ಭುಲೇಶ್ವರಕ್ಕೆ ಹೋದರೆ ಡಬ್ಬಿಯ ನಿಯಮ ಅಲ್ಲೇ ಮುರಿಯುತ್ತದೆ. ಸಗಟು ಅಂಗಡಿಯವರು ಪೂರ್ತಿ ಪ್ಯಾಕೆಟ್ಟೇ ಕೊಡುತ್ತಾರೆ, ಅದಕ್ಕೆ ಗೆಳತಿಯರು ಸೇರಿ ಹಂಚಿಕೊಳ್ಳುವುದು ಜಾಣತನ.

ಅಷ್ಟು ದೂರ ಬೇಡವೆಂದರೆ ದಾದರ್ ಸಾಕು. ನೂಲು, ಸೂಜಿ, ಬಟ್ಟೆ ಸ್ಟೇಷನ್ ಸುತ್ತಮುತ್ತಲೇ ಸಿಗುತ್ತವೆ. ಶುರುವಿಗೆ ಬಣ್ಣ, ನೂಲು ಒಳ್ಳೆಯದನ್ನೇ ಕೊಳ್ಳಿ, ಡಬ್ಬಿ, ಹಲಗೆಯಲ್ಲಿ ದುಡ್ಡು ಉಳಿಸಿ.

ಗೆರೆಗೆ ಕೈ ಬಿಡುವುದು: ವಾರ್ಲಿ

ಎಣಿಸುವ ಕೆಲಸ ಕೈಗೆ ಅಳತೆ ಕೊಡುತ್ತದೆ. ಅದಾದ ಮೇಲೆ ಅಳತೆ ಬಿಟ್ಟು ಗೆರೆ ಎಳೆಯಲು ವಾರ್ಲಿ ಚೆನ್ನಾಗಿ ಒಗ್ಗುತ್ತದೆ. ಇದು ನಾವಿರುವ ನೆಲದ ಕಲೆ. ಪಾಲ್ಘರ್ ಜಿಲ್ಲೆಯ ದಹಾಣು, ತಲಾಸರಿ, ಜವ್ಹಾರ್ ಕಡೆಯ ವಾರ್ಲಿ ಜನರದ್ದು. ದಹಾಣು ರೋಡ್‌ವರೆಗೆ ನಮ್ಮ ಪಶ್ಚಿಮ ರೈಲ್ವೆಯ ಲೋಕಲ್ಲೇ ಹೋಗುತ್ತದೆ. ಮದುವೆಯ ಹೊತ್ತಿಗೆ ಮುತ್ತೈದೆಯರು ಗುಡಿಸಲಿನ ಗೋಡೆಗೆ ಸಗಣಿ, ಕೆಮ್ಮಣ್ಣು ಸಾರಿಸಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಬಿದಿರು ಕಡ್ಡಿಯ ತುದಿ ಜಜ್ಜಿ ಮಾಡಿದ ಕುಂಚದಿಂದ ಬರೆಯುತ್ತಿದ್ದರು. 1970ರ ದಶಕದಲ್ಲಿ ವಾರ್ಲಿ ಕಲಾವಿದ ಜಿವ್ಯಾ ಸೋಮಾ ಮಶೆ ಅದನ್ನು ಕಾಗದಕ್ಕೆ, ಬಟ್ಟೆಗೆ ತಂದರು. 2011ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2018ರಲ್ಲಿ ತೀರಿಕೊಂಡರು.

ಮಲೆನಾಡಿನವರಿಗೆ ಇದನ್ನು ಓದುವಾಗ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರ ನೆನಪಾಗದೆ ಇರದು. ಅಲ್ಲೂ ಕೆಮ್ಮಣ್ಣಿನ ಗೋಡೆ, ಅಕ್ಕಿಯ ಬಿಳಿ, ಮದುವೆ, ಹೆಂಗಸರ ಕೈ. ಕುಂಚ ಮಾತ್ರ ಪುಂಡಿ ನಾರಿನದು. ಎರಡನ್ನೂ ಪಕ್ಕ ಪಕ್ಕದಲ್ಲಿಟ್ಟು ಕಲಿಯಿರಿ. ಚಿತ್ತಾರದಲ್ಲಿ ಗೆರೆ ಗೆರೆ ಕೂಡಿ ಜ್ಯಾಮಿತಿಯ ಬಲೆಯಾಗುತ್ತದೆ, ವಾರ್ಲಿಯಲ್ಲಿ ಜನ ಓಡಾಡುತ್ತಾರೆ.

ಮಾಡುವ ಬಗೆ ಹೀಗೆ. ದಪ್ಪ ಕಾಗದಕ್ಕೆ ಕೆಮ್ಮಣ್ಣಿನ ಬಣ್ಣದ ಪೋಸ್ಟರ್ ಕಲರ್ ಬಳಿದು ಪೂರ್ತಿ ಒಣಗಿಸಿ. ಬಿಳಿ ಬಣ್ಣವನ್ನು ಮಜ್ಜಿಗೆಯಷ್ಟು ತೆಳು ಮಾಡಬೇಡಿ, ಗಟ್ಟಿ ಹಾಲಿನ ಹದ ಇರಲಿ. ಸೊನ್ನೆ ನಂಬರಿನ ದುಂಡು ಕುಂಚ ಹಿಡಿಯಿರಿ. ತುದಿಗೆ ತುದಿ ತಾಗುವ ಎರಡು ತ್ರಿಕೋನ ಅಂದರೆ ಮೈ. ಮೇಲೆ ಒಂದು ದುಂಡು ತಲೆ, ಹೆಂಗಸಾದರೆ ಪಕ್ಕದಲ್ಲೊಂದು ಚಿಕ್ಕ ತುರುಬು. ಕೈಕಾಲು ಒಂದೊಂದೇ ಗೆರೆ. ತ್ರಿಕೋನ ವಾಲಿದ ಕಡೆಗೆ ಮನುಷ್ಯ ನಡೆಯುತ್ತಾನೆ. ಇದೊಂದು ಅರ್ಥವಾದರೆ ನೀರು ಹೊರುವವರು, ನಾಟಿ ಮಾಡುವವರು, ಮರ ಹತ್ತುವವರು ತಾವೇ ಬರುತ್ತಾರೆ. ತಾರ್ಪಾ ಎಂಬ ವಾದ್ಯ ಊದುವವನ ಸುತ್ತ ಸುರುಳಿಯಾಗಿ ಕುಣಿಯುವವರನ್ನು ಕೊನೆಗೆ ಇಟ್ಟುಕೊಳ್ಳಿ. ಸುರುಳಿ ಒಳಗಿನಿಂದ ಹೊರಗೆ ಬರಲಿ, ಆಗ ಜಾಗ ಸಾಲದೆ ಹೋಗುವುದಿಲ್ಲ.

ಮದುವೆಗೆ ಗೋಡೆಯ ಮೇಲೆ ಬರೆಯುವ ಚೌಕ, ಅದರೊಳಗಿನ ಪಾಲಘಾಟ ದೇವಿ, ಇದು ಪೂಜೆಗೆ ಸೇರಿದ್ದು. ಅದನ್ನು ಚೀಲದ ಮೇಲೆ, ಪಾಯಿಖಾನೆಯ ಟೈಲ್ ಮೇಲೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಹೊಲ, ಮರ, ಕುಣಿತ ಬರೆಯೋಣ. ಒಂದು ವಾರ್ಲಿ ಕಲಾವಿದರಿಂದಲೇ ಒಂದು ಚಿತ್ರವನ್ನಾದರೂ ಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಅದರ ಮುಂದೆ ಕೂತು ಕಲಿಯುವುದೇ ಬೇರೆ. ನೀವು ಬರೆದದ್ದನ್ನು ಮಾರುವುದಾದರೆ ವಾರ್ಲಿ ಶೈಲಿ ಅಂತ ಸ್ಪಷ್ಟವಾಗಿ ಹೇಳಿ.

ಇದೇ ಗೆರೆಯನ್ನು ಕುರ್ತಾದ ಮೇಲೆ ಬಟ್ಟೆಯ ಬಣ್ಣದಲ್ಲಿ ಎಳೆಯಬಹುದು. ಹೊಸ ಬಟ್ಟೆಯ ಗಂಜಿ ಹೋಗುವಂತೆ ಮೊದಲೇ ಒಗೆಯಿರಿ. ಬರೆದು ಒಂದು ದಿನ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿ, ಮೂರು ದಿನ ನೀರಿಗೆ ಹಾಕಬೇಡಿ.

ಮಣ್ಣು

ಟೆರಾಕೋಟಾ ಓಲೆ, ಪದಕ ಮಾಡಬೇಕು ಅನ್ನುವವರು ಜಾಸ್ತಿ. ಒಂದು ಮಾತು ತಿಳಿದಿರಲಿ: ಮಣ್ಣು ಟೆರಾಕೋಟಾ ಆಗಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅಡುಗೆಮನೆಯ ಓವನ್ ಎಷ್ಟು ಹೊತ್ತು ಇಟ್ಟರೂ 250 ಡಿಗ್ರಿ ದಾಟುವುದಿಲ್ಲ. ಅದರಿಂದ ತೆಗೆದ ಓಲೆ ನೀರು ಬಿದ್ದರೆ ಮತ್ತೆ ಮಣ್ಣೇ. ಮನೆಯಲ್ಲೇ ಮುಗಿಯಬೇಕು ಅಂದರೆ ಗಾಳಿಗೆ ಒಣಗುವ ಕ್ಲೇ ಅಥವಾ ಸುಮಾರು 130 ಡಿಗ್ರಿಯಲ್ಲಿ ಗಟ್ಟಿಯಾಗುವ ಪಾಲಿಮರ್ ಕ್ಲೇ ತನ್ನಿ. ಪಾಲಿಮರ್ ಕ್ಲೇಗೆ ಬಳಸಿದ ತಟ್ಟೆಯನ್ನು ಊಟಕ್ಕೆ ಬಳಸಬೇಡಿ.

ನಿಜವಾದ ಮಣ್ಣಿನ ಕೆಲಸ ನೋಡಬೇಕೆಂದರೆ ಧಾರಾವಿಯ ಕುಂಭಾರವಾಡಕ್ಕೆ ಹೋಗಿ. ಸೌರಾಷ್ಟ್ರದಿಂದ ಬಂದು ನೆಲೆಸಿದ ಕುಂಬಾರರ ಮನೆ, ಆವಿಗೆ, ಅಂಗಡಿ ಎಲ್ಲ ಒಟ್ಟಿಗೇ ಇವೆ. ದೀಪಾವಳಿಗೆ ಮುಂಚೆ ಅಲ್ಲಿಂದ ಬಣ್ಣ ಹಚ್ಚದ ಹಣತೆ ತಂದು ನಿಮ್ಮ ವಾರ್ಲಿ ಗೆರೆಯನ್ನು ಅದರ ಮೇಲೆ ಎಳೆಯಿರಿ. ಬತ್ತಿ ಇಡುವ ಮೂತಿಯ ಹತ್ತಿರ ಬಣ್ಣ ಬೇಡ.

ರೆಸಿನ್ (ಅಚ್ಚಿಗೆ ಸುರಿದು ಗಟ್ಟಿ ಮಾಡುವ ರಾಸಾಯನಿಕ ದ್ರವ) ಕೆಲಸದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕಿಟಕಿ ಒಂದೇ ಇರುವ ಕೋಣೆಯಲ್ಲಿ, ಮಕ್ಕಳು ಮಲಗುವ ಜಾಗದಲ್ಲಿ ಅದನ್ನು ಮಾಡಬೇಡಿ. ಚರ್ಮಕ್ಕೆ, ಉಸಿರಿಗೆ ಒಳ್ಳೆಯದಲ್ಲ. ಕೈಗವಸು ಮತ್ತು ಗಾಳಿ ಚೆನ್ನಾಗಿ ಆಡುವ ಜಾಗ ಎರಡೂ ಇಲ್ಲದಿದ್ದರೆ ಅದು ನಮಗೆ ಬೇಡ.

ಕಣ್ಣಿಗೂ ಪಾಠ ಬೇಕು

ಗುರು ಇಲ್ಲದವರಿಗೆ ಒಳ್ಳೆಯ ಕೆಲಸ ನೋಡುವುದೇ ಗುರು. ಫೋನಿನಲ್ಲಿ ಹೊಲಿಗೆಯ ಬಿಗಿ ಕಾಣುವುದಿಲ್ಲ, ಬಣ್ಣದ ದಪ್ಪ ಕಾಣುವುದಿಲ್ಲ. ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಿಂದ ಇದೆ, ಒಳಗೆ ಹೋಗಲು ದುಡ್ಡಿಲ್ಲ. ಹೊರಗೆ ಫುಟ್‌ಪಾತಿನ ಮೇಲೆ ಕಲಾವಿದರು ಕೂತು ಬರೆಯುತ್ತಾರೆ. ಅವರ ಕುಂಚ ಹಿಡಿಯುವ ರೀತಿ ನೋಡಿ, ಕೆಲಸದ ನಡುವೆ ಬಿಡುವಾದಾಗ ಕೇಳಿ, ಹೇಳಿಕೊಡುತ್ತಾರೆ. ಪಕ್ಕದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಹಳೆಯ ಬಟ್ಟೆಗಳನ್ನು ನೋಡಬಹುದು. ಭಾಯಖಳಾದ ಪ್ರಾಣಿ ಸಂಗ್ರಹಾಲಯ ರಾಣಿಬಾಗಿಗೆ ಮಕ್ಕಳನ್ನು ಕರೆದುಕೊಂಡು ಹೋದಾಗ ಅಲ್ಲೇ ಇರುವ, 1872ರಲ್ಲಿ ತೆರೆದ ಡಾ. ಭಾವೂ ದಾಜಿ ಲಾಡ್ ಮ್ಯೂಸಿಯಂನ ಮಣ್ಣಿನ ಬೊಂಬೆಗಳನ್ನು ಬಿಡಬೇಡಿ. ಹೊರಡುವ ಮೊದಲು ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಜನವರಿ ಕೊನೆ, ಫೆಬ್ರವರಿ ಶುರುವಿನ ಕಾಲಾ ಘೋಡಾ ಉತ್ಸವ 1999ರಿಂದ ನಡೆಯುತ್ತಿದೆ. ಬೇರೆ ಬೇರೆ ಕಡೆಯ ಕುಶಲಕರ್ಮಿಗಳ ಕೈಕೆಲಸದ ಮಳಿಗೆಗಳು ಅಲ್ಲಿರುತ್ತವೆ. ಶನಿವಾರ, ಭಾನುವಾರದ ಗದ್ದಲ ತಪ್ಪಿಸಿ, ವಾರದ ನಡುವೆ ಹೋದರೆ ಮಾತಾಡಲು ಸಮಯ ಸಿಗುತ್ತದೆ.

ಒಂದು ಮುಗಿಸಿ, ಇನ್ನೊಂದು ತೆರೆಯಿರಿ

ಒಂದೇ ಹೊತ್ತಿಗೆ ಎರಡು ಕೆಲಸ ಇರಲಿ. ಒಂದು ರೈಲಿಗೆ, ಒಂದು ಮನೆಗೆ. ಮೂರನೆಯದರ ಡಬ್ಬಿ ತೆರೆಯಬೇಕಾದರೆ ಎರಡರಲ್ಲಿ ಒಂದು ಮುಗಿದಿರಬೇಕು. ಇಷ್ಟವಾಗದ ಕೆಲಸವನ್ನು ಬಲವಂತವಾಗಿ ಎಳೆಯಬೇಡಿ. ಎರಡು ಚಿಕ್ಕ ವಸ್ತು ಮುಗಿಸಿದ ಮೇಲೂ ಮನಸ್ಸು ಹತ್ತದಿದ್ದರೆ ಆ ಡಬ್ಬಿಯನ್ನು ಆಸೆ ಇರುವ ಇನ್ನೊಬ್ಬರಿಗೆ ಕೊಟ್ಟುಬಿಡಿ. ಕಲಿತದ್ದನ್ನು ಕೂಡಿಸಲು ವರ್ಷಕ್ಕೊಂದು ಅವಕಾಶವಾಗಿ ಗಣಪತಿ ಹಬ್ಬ ಬರುತ್ತದೆ. ಮಹಾರಾಷ್ಟ್ರದಲ್ಲಿ 2018ರಿಂದ ಅಲಂಕಾರಕ್ಕೆ ಥರ್ಮಾಕೋಲ್ ಬಳಸುವಂತಿಲ್ಲ. ಹಳೆಯ ಸೀರೆಯ ಹಿನ್ನೆಲೆ, ಕಸೂತಿಯ ಅಂಚು, ಕ್ರೋಶಾದ ತೋರಣ, ಕಾರ್ಡ್‌ಬೋರ್ಡಿನ ಮೇಲೆ ಬಿಳಿ ಗೆರೆ, ಇವುಗಳಿಂದ ಗಣಪತಿ ಕೂರಿಸುವ ಮಂಟಪ, ಅಂದರೆ ಮಖರ ಕಟ್ಟಿ ನೋಡಿ. ಬಿಚ್ಚಿ ಮಡಚಿಟ್ಟು ಮುಂದಿನ ವರ್ಷವೂ ಬಳಸಬಹುದು.

ಮಳೆಗಾಲಕ್ಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯೇ ಒದ್ದೆ. ಕಾಗದದ ಕೆಲಸ, ಕ್ವಿಲ್ಲಿಂಗ್ ಆಗ ಬೇಡ. ಸುರುಳಿ ಸಡಿಲಾಗುತ್ತದೆ. ಹೊಲಿಗೆ, ಹೆಣಿಗೆ ಹಿಡಿಯಿರಿ. ಗಾಳಿಗೆ ಒಣಗುವ ಕ್ಲೇ ಮಾಡುವುದಾದರೆ ಫ್ಯಾನಿನ ಕೆಳಗೆ, ದಿನಕ್ಕೊಮ್ಮೆ ಮಗುಚುತ್ತಾ, ಮಾಮೂಲಿಗಿಂತ ಎರಡು ಮೂರು ದಿನ ಹೆಚ್ಚು ಬಿಡಿ. ಬಟ್ಟೆ, ಕಾಗದದ ಡಬ್ಬಿಗಳಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬಂದವನ್ನು ಎಸೆಯದೆ ಇಟ್ಟುಕೊಳ್ಳಿ. ಕಸೂತಿ ಸೀರೆಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತದೆ ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಾಯಿಸಿ. ಗೋಡೆಗೆ ತೂಗುಹಾಕುವ ಚಿತ್ರದ ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬಾಟಲಿ ಬಿರಡೆಯ ತುಂಡು ಅಂಟಿಸಿ. ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುವಷ್ಟು ಸಂದು ಉಳಿದರೆ ಗೋಡೆಯ ತೇವ ಕಾಗದಕ್ಕೆ ಏರುವುದಿಲ್ಲ. ಹೊರಗೋಡೆ, ಅಂದರೆ ಮಳೆ ಬಡಿಯುವ ಗೋಡೆಯ ಮೇಲೆ ಮಾತ್ರ ಯಾವ ಚಿತ್ರವನ್ನೂ ಹಾಕಬೇಡಿ.